ದೊಡ್ಡಪ್ಪನಿಗೆ ಬೇಡ ಅನ್ನಲಾರೆ, ಧಾರೆಯ ಫೋಟೋ ತೆಗೆಯಲು ಧೈರ್ಯ ಇಲ್ಲ

ಪ್ರಶ್ನೆ: ನನಗೆ 23 ವರ್ಷ. ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನಮ್ಮ ಮನೆ. ಕ್ಯಾನನ್ 200ಡಿ ಮಾರ್ಕ್ 2 ಕ್ಯಾಮೆರಾದಲ್ಲಿ ಯಕ್ಷಗಾನ, ಹಕ್ಕಿ, ತೋಟ ಎಲ್ಲ ತೆಗೆಯುತ್ತಿರುತ್ತೇನೆ. 18-55 ಲೆನ್ಸ್, 50 ಎಂಎಂ ಲೆನ್ಸ್ ಎರಡು ಉಂಟು. ಮೇ ತಿಂಗಳಲ್ಲಿ ದೊಡ್ಡಪ್ಪನ ಮಗಳ ಮದುವೆ, ಅವರ ಮನೆಯಂಗಳದಲ್ಲೇ. "ಸ್ಟುಡಿಯೋದವರು ಯಾಕೆ, ನಮ್ಮ ಹುಡುಗಿಯೇ ಇದ್ದಾಳಲ್ಲ" ಎಂದು ದೊಡ್ಡಪ್ಪ ಎಲ್ಲರೆದುರು ಹೇಳಿಬಿಟ್ಟಿದ್ದಾರೆ. ವಿಡಿಯೋಕ್ಕೆ ಮಾತ್ರ ಒಬ್ಬರನ್ನು ಗೊತ್ತು ಮಾಡಿದ್ದಾರೆ. ನನ್ನ ಕಾಲೇಜಿನ ಫೀಸು ಕಟ್ಟಿದವರು ಅವರು. ಬೇಡ ಅಂದರೆ ಅಪ್ಪನಿಗೆ ಬೇಸರ, ಒಪ್ಪಿಕೊಂಡು ಹಾಳು ಮಾಡಿದರೆ ಅಕ್ಕನಿಗೆ ಜನ್ಮಪೂರ್ತಿ ಬೇಸರ. ರಾತ್ರಿ ನಿದ್ದೆ ಬರುವುದಿಲ್ಲ. ಏನು ಮಾಡಲಿ? ತೆಗೆಯುವುದಾದರೆ ದುಡ್ಡಿನ ಮಾತು ಎತ್ತಬಹುದಾ?

ಉತ್ತರ: ನಿಮ್ಮ ಹೆದರಿಕೆಗೆ ಕಾರಣ ಉಂಟು. "ಏನೂ ಆಗುವುದಿಲ್ಲ, ತೆಗಿ" ಎಂದು ಬೆನ್ನು ತಟ್ಟುವವರು ಮನೆಯಲ್ಲಿ ಬೇಕಾದಷ್ಟು ಇರುತ್ತಾರೆ, ನಾವು ಆ ಮಾತು ಹೇಳುವುದಿಲ್ಲ. ಮದುವೆ ದಿನದ ಹೆಚ್ಚಿನ ಚಿತ್ರಗಳಿಗೆ ಇನ್ನೊಂದು ಅವಕಾಶ ಸಿಗುತ್ತದೆ. ದಿಬ್ಬಣ ಬರುವಾಗ ತಪ್ಪಿಹೋದ ಮುಖ ಊಟದ ಪಂಕ್ತಿಯಲ್ಲಿ ಸಿಗುತ್ತದೆ, ಅಲ್ಲಿಯೂ ತಪ್ಪಿದರೆ ವೀಳ್ಯದ ಹರಿವಾಣದ ಹತ್ತಿರ ಸಿಕ್ಕೇ ಸಿಗುತ್ತದೆ. ಅಂತರ್ಪಟ ಸರಿಯುವ ಹೊತ್ತು, ಧಾರೆ, ತಾಳಿ, ಸಪ್ತಪದಿ, ಇವಕ್ಕೆ ಮಾತ್ರ ಆ ಸೌಕರ್ಯ ಇಲ್ಲ. ಹಾಗಾಗಿ ಕೆಲಸ ಒಪ್ಪಿಕೊಳ್ಳಿ, ಆದರೆ ಮುಹೂರ್ತದ ಹೊತ್ತನ್ನು ಒಬ್ಬರೇ, ಒಂದೇ ಕ್ಯಾಮೆರಾವನ್ನು ನಂಬಿ ಹೊತ್ತುಕೊಳ್ಳಬೇಡಿ. ಆ ಹೊತ್ತಿಗೆ ಇನ್ನೊಂದು ಕ್ಯಾಮೆರಾ, ಅದನ್ನು ಹಿಡಿಯಲು ಬಲ್ಲ ಇನ್ನೊಬ್ಬರು ಬೇಕೇ ಬೇಕು. ದೊಡ್ಡಪ್ಪ ಇದಕ್ಕೆ ಒಪ್ಪದಿದ್ದರೆ ಕೆಲಸ ಬಿಡಿ.

ದೊಡ್ಡಪ್ಪನ ಹತ್ತಿರ ಹೋಗುವ ಮೊದಲು ಅಕ್ಕನನ್ನು ಒಬ್ಬಳನ್ನೇ ಕೂರಿಸಿಕೊಂಡು ಕೇಳಿ. ನಿಮ್ಮ ಪತ್ರದಲ್ಲಿ ದೊಡ್ಡಪ್ಪನ ಮಾತು ಉಂಟು, ಅಪ್ಪನ ಬೇಸರ ಉಂಟು, ಮದುಮಗಳ ಮಾತು ಒಂದೂ ಇಲ್ಲ. ಸ್ಟುಡಿಯೋದವರ ಆಲ್ಬಮ್ ಆಗಬೇಕೆಂದು ಅವಳಿಗೆ ಆಸೆ ಇರಬಹುದು, ಅಪ್ಪ ಎಲ್ಲರೆದುರು ಹೇಳಿದ ಮೇಲೆ ಬಾಯಿ ಬಿಡಲು ಸಂಕೋಚವೂ ಇರಬಹುದು. ಅವಳಿಗೆ ಹಕ್ಕಿಯ ಚಿತ್ರ ತೋರಿಸಿ ಪ್ರಯೋಜನ ಇಲ್ಲ. ಮನೆಯೊಳಗೆ ಟ್ಯೂಬ್‌ಲೈಟಿನಲ್ಲಿ ತೆಗೆದ ಮುಖಗಳನ್ನು ತೋರಿಸಿ, "ಸದ್ಯ ನನಗೆ ಇಷ್ಟು ಬರುತ್ತದೆ, ಸಾಕಾ?" ಎಂದು ಕೇಳಿ. ಅವಳು ಒಂದು ಕ್ಷಣ ತಡವರಿಸಿದರೂ ಸಾಕು, ಉತ್ತರ ಸಿಕ್ಕಿತು. ಆಮೇಲೆ ಇಬ್ಬರೂ ಸೇರಿ ದೊಡ್ಡಪ್ಪನಿಗೆ ಹೇಳಿ. ಮಗಳ ಬಾಯಿಂದ ಬಂದ ಮಾತಿಗೆ ಅವರು ಬೇಸರ ಮಾಡಿಕೊಳ್ಳುವುದು ಕಡಿಮೆ.

ಫೀಸಿನ ಋಣದ ವಿಷಯ. ಅದನ್ನು ಫೋಟೋ ತೆಗೆದು ತೀರಿಸು ಎಂದು ದೊಡ್ಡಪ್ಪ ಕೇಳಿದ ಹಾಗೆ ನಿಮ್ಮ ಪತ್ರದಲ್ಲಿ ಎಲ್ಲೂ ಇಲ್ಲ. ಅವರು ಆಡಿದ ಮಾತಿನಲ್ಲಿ ನಮಗೆ ಕಾಣುವುದು ನಿಮ್ಮ ಬಗ್ಗೆ ಇರುವ ಹೆಮ್ಮೆ. ಹೀಗೆ ಹೇಳಿ ನೋಡಿ: "ದೊಡ್ಡಪ್ಪ, ನಾನು ತೆಗೀತೇನೆ. ಧಾರೆಯ ಹೊತ್ತಿಗೆ ಮಾತ್ರ ಸ್ಟುಡಿಯೋದಿಂದ ಒಬ್ಬರು ಬರಲಿ. ನನ್ನ ಕ್ಯಾಮೆರಾ ಆ ಹೊತ್ತಿಗೆ ಕೈ ಕೊಟ್ಟರೆ ಅಕ್ಕನಿಗೆ ಮತ್ತೆ ಕೊಡ್ಲಿಕ್ಕೆ ನನ್ನ ಹತ್ತಿರ ಏನೂ ಇಲ್ಲ." ಹೇಗೂ ವಿಡಿಯೋದವರು ಬರುತ್ತಾರೆ, ಸ್ಟಿಲ್ ತೆಗೆಯುವ ಹುಡುಗನೊಬ್ಬನನ್ನು ಎರಡು ಗಂಟೆಗೆ ಜೊತೆಗೆ ಕರೆತರಲು ಅವರಲ್ಲೇ ಕೇಳಿದರೆ ಖರ್ಚು ದೊಡ್ಡದಾಗುವುದಿಲ್ಲ.

ಇನ್ನು ಸಾಮಾನಿನ ಮಾತು. 18-55ರ ತೊಂದರೆ ಬೆಳಕಿನದ್ದು, ಹತ್ತಿರಕ್ಕೆ ಎಳೆದಷ್ಟೂ ಅದು ಎಫ್ 5.6ಕ್ಕೆ ಇಳಿಯುತ್ತದೆ (ಎಫ್ ಅಂಕೆ ಹೆಚ್ಚಿದಷ್ಟೂ ಒಳಗೆ ಬರುವ ಬೆಳಕು ಕಡಿಮೆ). 50 ಎಂಎಂ ಬೆಳಕು ಚೆನ್ನಾಗಿ ಹಿಡಿಯುತ್ತದೆ, ಆದರೆ ನಿಮ್ಮ ಕ್ಯಾಮೆರಾದ ಸಣ್ಣ ಸೆನ್ಸರಿನಲ್ಲಿ ಅದು 80 ಎಂಎಂನ ಹಾಗೆ ಕೆಲಸ ಮಾಡುತ್ತದೆ. ಜನ ತುಂಬಿದ ಅಂಗಳದಲ್ಲಿ ಅಷ್ಟು ಹಿಂದೆ ಸರಿಯಲು ಜಾಗ ಇರುವುದಿಲ್ಲ. ಕ್ಯಾನನ್ 17-55 ಎಫ್ 2.8 ಲೆನ್ಸನ್ನು ಮಂಗಳೂರಿನಿಂದ ಎರಡು ದಿನಕ್ಕೆ ಬಾಡಿಗೆಗೆ ತನ್ನಿ. ಫ್ಲ್ಯಾಶ್ ತರುವಾಗ ಮಾತ್ರ ಜಾಗ್ರತೆ. 200ಡಿ ಮಾರ್ಕ್ 2ರ ಹಾಟ್ ಶೂವಿನಲ್ಲಿ, ಅಂದರೆ ಫ್ಲ್ಯಾಶ್ ಕೂರಿಸುವ ಮೇಲಿನ ಜಾಗದಲ್ಲಿ, ನಡುವಿನ ದೊಡ್ಡ ಪಿನ್ ಇಲ್ಲ. ಆ ಪಿನ್ನನ್ನೇ ನಂಬಿದ ಅಗ್ಗದ ಮ್ಯಾನುವಲ್ ಫ್ಲ್ಯಾಶ್ ಇದರಲ್ಲಿ ಉರಿಯುವುದಿಲ್ಲ. ಕ್ಯಾನನ್‌ಗೆ ಹೊಂದುವ ಟಿಟಿಎಲ್ (ಬೆಳಕನ್ನು ಕ್ಯಾಮೆರಾವೇ ಅಳೆದು ಹೊಂದಿಸುವ) ಫ್ಲ್ಯಾಶ್ ಬೇಕು. ಕ್ಯಾಮೆರಾವನ್ನೇ ಅಂಗಡಿಗೆ ತೆಗೆದುಕೊಂಡು ಹೋಗಿ, ಹಾಕಿ, ನಾಲ್ಕು ಸಲ ಉರಿಸಿ ನೋಡಿಯೇ ಹಣ ಕೊಡಿ. ಕ್ಯಾಮೆರಾದ ಬ್ಯಾಟರಿ ಎರಡು, ಫ್ಲ್ಯಾಶಿಗೆ ರೀಚಾರ್ಜ್ ಮಾಡುವ ಎಎ ಸೆಲ್ಲು ಎಂಟು ಇರಲಿ. ವ್ಯೂಫೈಂಡರಿನಲ್ಲಿ ನೋಡಿ ತೆಗೆದರೆ ಒಂದು ಬ್ಯಾಟರಿ ಸಾವಿರ ಚಿತ್ರದ ಹತ್ತಿರ ಬರುತ್ತದೆ, ಹಿಂದಿನ ಪರದೆ ನೋಡಿ ತೆಗೆದರೆ ಅದರ ಮೂರನೇ ಒಂದು ಪಾಲಿಗೇ ಮುಗಿಯುತ್ತದೆ.

ನಮ್ಮ ಕಡೆಯ ಅಂಗಳದ ಮದುವೆಯಲ್ಲಿ ಹೊಸಬರ ಚಿತ್ರ ಕೆಡುವುದು ಹೆಚ್ಚಾಗಿ ಚಪ್ಪರದಿಂದ. ನೀಲಿ ಟರ್ಪಾಲಿನ ಅಡಿಯಲ್ಲಿ ಕೂತವರ ಮುಖ ನೀಲಿಗಟ್ಟುತ್ತದೆ, ಹಳದಿಯ ಅಡಿಯಲ್ಲಿ ಕಾಮಾಲೆ ಬಂದವರ ಹಾಗೆ ಕಾಣುತ್ತದೆ. ಕಣ್ಣು ಅದಕ್ಕೆ ಹೊಂದಿಕೊಳ್ಳುತ್ತದೆ, ಕ್ಯಾಮೆರಾ ಹೊಂದಿಕೊಳ್ಳುವುದಿಲ್ಲ. ಫ್ಲ್ಯಾಶನ್ನು ಮೇಲಕ್ಕೆ ತಿರುಗಿಸಿ ಬೌನ್ಸ್ ಮಾಡಿದರೆ ಟರ್ಪಾಲಿನ ಬಣ್ಣವೇ ಕೆಳಗೆ ಸುರಿದು ಇನ್ನೂ ಕೆಡುತ್ತದೆ. ಇದಕ್ಕೆ ಮದ್ದು ಚಪ್ಪರ ಹಾಕುವ ದಿನವೇ ಆಗಬೇಕು. ಮಂಟಪದ ಮೇಲ್ಭಾಗಕ್ಕೆ ಮಾತ್ರ ಬಿಳಿ ಬಟ್ಟೆ ಎಳೆದು ಕಟ್ಟಲು ಚಪ್ಪರದವರಿಗೆ ದೊಡ್ಡಪ್ಪನಿಂದಲೇ ಹೇಳಿಸಿ. ಬಣ್ಣ ತಿಳಿಯಾಗುತ್ತದೆ, ಫ್ಲ್ಯಾಶ್ ಬೌನ್ಸ್ ಮಾಡಲು ಬಿಳಿ ಛಾವಣಿ ಸಿಗುತ್ತದೆ. ಇನ್ನೊಂದು ಕ್ಯಾಮೆರಾದ ಮಾತು ಬಿಟ್ಟರೆ, ನಾವು ಹೇಳುವ ಇಷ್ಟೂ ಮಾತಿನಲ್ಲಿ ಒಂದನ್ನೇ ಮಾಡುವುದಾದರೆ ಇದನ್ನು ಮಾಡಿ.

ಮದುವೆಯ ಮುಂಚಿನ ದಿನ, ಮುಹೂರ್ತ ಎಷ್ಟು ಗಂಟೆಗೋ ಅದೇ ಹೊತ್ತಿಗೆ, ಮನೆಯ ಇಬ್ಬರನ್ನು ಮದುಮಕ್ಕಳು ಕೂರುವ ಜಾಗದಲ್ಲಿ ಕೂರಿಸಿ. ಒಬ್ಬರ ಕೈಯಲ್ಲಿ ಒಗೆದ ಬಿಳಿ ಮುಂಡು ಬಿಡಿಸಿ ಹಿಡಿಸಿ, ಅದು ಚೌಕಟ್ಟು ತುಂಬುವಂತೆ ಒಂದು ಚಿತ್ರ ತೆಗೆದು, ಮೆನುವಿನಲ್ಲಿ ಅದನ್ನೇ ಕಸ್ಟಮ್ ವೈಟ್ ಬ್ಯಾಲೆನ್ಸಿಗೆ ಕೊಡಿ. ಮುಖದ ಬಣ್ಣ ದಾರಿಗೆ ಬರುತ್ತದೆ. ಮದುವೆ ದಿನ ಮೋಡ ಕವಿದರೆ, ಲೈಟು ಹಾಕಿದರೆ ಮತ್ತೆ ಹೀಗೆಯೇ ಮಾಡಬೇಕು. ಏನೇ ಆದರೂ ಚಿತ್ರ ರಾ (ಕ್ಯಾಮೆರಾ ತಿದ್ದದ ಕಚ್ಚಾ) ರೂಪದಲ್ಲೇ ಇರಲಿ, ಉಳಿದ ಬಣ್ಣ ಆಮೇಲೆ ತಿದ್ದಬಹುದು. ಅಲ್ಲೇ ನಿಂತು ಚಪ್ಪರದ ತೆರೆದ ಬದಿ ಯಾವುದು ನೋಡಿಕೊಳ್ಳಿ. ಮೇ ತಿಂಗಳ ನಡುಹಗಲಿನ ಬಿಸಿಲು ಮದುಮಕ್ಕಳ ಬೆನ್ನ ಹಿಂದೆ ಬಂದರೆ ಮುಖ ಕರಿ ಕಟ್ಟುತ್ತದೆ, ಮುಂದಿನಿಂದ ಫ್ಲ್ಯಾಶ್ ಬೇಕಾಗುತ್ತದೆ. ಮದುಮಗನ ಬಿಳಿ ಪಂಚೆ, ಬಿಳಿ ಶಾಲು ಚಿತ್ರ ತುಂಬಿದಾಗಲೂ ಕ್ಯಾಮೆರಾ ಮೋಸ ಹೋಗಿ ಮುಖ ಕಪ್ಪಾಗಿಸುತ್ತದೆ. ಹಾಗಾಗಿ ಮ್ಯಾನುವಲ್‌ನಲ್ಲಿರಿ. ಶಟರ್ 1/160 ಸೆಕೆಂಡು, ಅಪರ್ಚರ್ ಎಫ್ 4, ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 800ರಿಂದ 1600, ಇಲ್ಲಿಂದ ಶುರು ಮಾಡಿ ಮುಖ ನೋಡಿ ಸರಿಪಡಿಸಿ. ಫ್ಲ್ಯಾಶ್ ಹಾಕಿದಾಗ ಶಟರ್ 1/200 ದಾಟಬಾರದು. ಸಂಜೆ ಎಲ್‌ಇಡಿ ಮಾಲೆ, ಅಗ್ಗದ ಬಲ್ಬು ಉರಿಯುವಾಗ 1/100ಕ್ಕೆ ಇಳಿಯಿರಿ. ನಮ್ಮ ಕರೆಂಟು 50 ಹರ್ಟ್ಜ್, ಆ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಶಟರ್ ಅದಕ್ಕಿಂತ ವೇಗವಾದರೆ ಅಡ್ಡಪಟ್ಟಿ ಬೀಳುತ್ತದೆ.

ಅದೇ ದಿನ ಭಟ್ಟರನ್ನು ಕಂಡು ಮಾತಾಡಿ. ಕ್ರಮ ಮನೆತನದಿಂದ ಮನೆತನಕ್ಕೆ, ಒಬ್ಬ ಪುರೋಹಿತರಿಂದ ಇನ್ನೊಬ್ಬರಿಗೆ ಸ್ವಲ್ಪ ಬದಲಾಗುತ್ತದೆ. ಮಾಲೆ ಅಂತರ್ಪಟ ಸರಿದ ಕೂಡಲೇ ಹಾಕುತ್ತಾರಾ, ತಾಳಿ ಕಟ್ಟುವಾಗ ಮದುಮಗ ಯಾವ ಬದಿಗೆ ನಿಲ್ಲುತ್ತಾನೆ ಅಥವಾ ಕೂರುತ್ತಾನೆ, ಧಾರೆಗೆ ಯಾರು ಯಾರು ಕೈ ಜೋಡಿಸುತ್ತಾರೆ, ಇದೆಲ್ಲ ಕೇಳಿ ಚೀಟಿಯಲ್ಲಿ ಬರೆದುಕೊಳ್ಳಿ. ಮಂಟಪದೊಳಗೆ ಎಲ್ಲಿಯವರೆಗೆ ಬರಬಹುದು ಎಂದೂ ಕೇಳಿ. ಹೋಮಕುಂಡಕ್ಕೂ ಭಟ್ಟರಿಗೂ ನಡುವೆ ದಾಟಬಾರದು, ಮಡಿಯ ಪಾತ್ರೆಗಳಿಗೆ ಕ್ಯಾಮೆರಾದ ಪಟ್ಟಿ ತಾಗಬಾರದು. ಮೊದಲೇ ಕೇಳಿದವರಿಗೆ ಹೆಚ್ಚಿನ ಭಟ್ಟರು ಒಂದು ಕ್ಷಣ ನಿಲ್ಲಿಸಿ ಅನುಕೂಲವನ್ನೂ ಮಾಡಿಕೊಡುತ್ತಾರೆ.

ತಾಳಿಯ ಹೊತ್ತಿಗೆ ಏನಾಗುತ್ತದೆ ಎಂದು ತಿಳಿದಿರಿ. ಗಟ್ಟಿಮೇಳ ಶುರುವಾದ ಕೂಡಲೇ ಕೂತವರೆಲ್ಲ ಏಳುತ್ತಾರೆ, ಅಕ್ಷತೆಯ ಕೈಗಳು ಮೇಲೇಳುತ್ತವೆ, ವಿಡಿಯೋದವರು ಎದುರಿನ ಜಾಗ ಹಿಡಿಯುತ್ತಾರೆ. ಆಗ ಜಾಗ ಹುಡುಕಲು ಹೊರಟರೆ ಮೂರು ಗಂಟೂ ಮುಗಿದಿರುತ್ತದೆ. ಹತ್ತು ನಿಮಿಷ ಮೊದಲೇ ನಿಮ್ಮ ಜಾಗದಲ್ಲಿರಿ. ಮದುಮಗನ ತೋಳು ಅಕ್ಕನ ಮುಖ ಮುಚ್ಚದ ಬದಿ, ಸ್ವಲ್ಪ ಓರೆಗೆ ಒಂದು ಗಟ್ಟಿ ಸ್ಟೂಲು ಹಾಕಿಸಿ. ಸ್ಟುಡಿಯೋದ ಹುಡುಗ ಎದುರು ಬದಿಯಿಂದ ಮಂಟಪವಿಡೀ ಬರುವಂತೆ ತೆಗೆಯಲಿ, ನೀವು ಮುಖ ಮತ್ತು ಕೈಗೆ ನಿಲ್ಲಿ. ಇಬ್ಬರೂ ಒಂದೇ ಕೋನದಲ್ಲಿ ನಿಂತರೆ ಎರಡು ಕ್ಯಾಮೆರಾ ಇಟ್ಟುಕೊಂಡದ್ದಕ್ಕೆ ಅರ್ಥವಿಲ್ಲ. ಫೋಕಸ್ಸನ್ನು ಒಂದೇ ಬಿಂದುವಿಗೆ ಕಟ್ಟಿ ಅಕ್ಕನ ಕಣ್ಣಿನ ಮೇಲೆ ಇಡಿ. ಎಲ್ಲ ಬಿಂದುಗಳನ್ನೂ ಬಿಟ್ಟರೆ ಹತ್ತಿರದಲ್ಲಿ ಹಾರುವ ಅಕ್ಷತೆಗೋ ಯಾರದೋ ಬೆರಳಿಗೋ ಫೋಕಸ್ ಹಾರುತ್ತದೆ. ಗುಂಡಿಯನ್ನು ಒತ್ತಿಯೇ ಹಿಡಿಯಬೇಡಿ. ಈ ಕ್ಯಾಮೆರಾ ಸೆಕೆಂಡಿಗೆ 5 ಚಿತ್ರ ತೆಗೆಯುತ್ತದೆ, ರಾ ಆದರೆ ಹತ್ತರ ಆಸುಪಾಸಿಗೆ ಬಫರ್ (ಕಾರ್ಡಿಗೆ ಹೋಗುವ ಮೊದಲು ಚಿತ್ರ ನಿಲ್ಲುವ ಜಾಗ) ತುಂಬಿ ಕಟ್ಟಿಕೊಳ್ಳುತ್ತದೆ. ಮೊದಲ ಗಂಟಿಗೇ ಅಷ್ಟೂ ಮುಗಿಸಿದರೆ ಅಕ್ಕ ತಲೆ ಎತ್ತಿ ನೋಡುವ ಹೊತ್ತಿಗೆ ಕ್ಯಾಮೆರಾ ಕೇಳುವುದಿಲ್ಲ. ಎರಡೆರಡೇ ಚಿತ್ರ ತೆಗೆದು ಬಿಡಿ, ಮತ್ತೆ ಒತ್ತಿ. ಫ್ಲ್ಯಾಶೂ ಪ್ರತಿ ಸಲ ಚಾರ್ಜ್ ಆಗಲು ಹೊತ್ತು ತೆಗೆದುಕೊಳ್ಳುತ್ತದೆ. ಬಾಡಿಗೆ ಲೆನ್ಸ್ ಇದ್ದರೆ ಈ ಹೊತ್ತಿಗೆ ಎಫ್ 2.8, ಐಎಸ್ಒ 1600 ಮಾಡಿ ಫ್ಲ್ಯಾಶ್ ಆರಿಸಿಬಿಡುವುದೇ ಮೇಲು, ವಿಡಿಯೋದವರ ಲೈಟು ಹೇಗೂ ಇರುತ್ತದೆ. ಹೋಮದ ಹೊಗೆ ಎದ್ದಾಗಲೂ ನೇರ ಫ್ಲ್ಯಾಶ್ ಬೇಡ, ಹೊಗೆಯೇ ಬೆಳ್ಳಗಾಗಿ ಮುಖ ಮುಳುಗುತ್ತದೆ.

ಬೆಳಿಗ್ಗೆ ಅಲಂಕಾರದ ಕೋಣೆಗೆ ನೀವು ಸಂಕೋಚವಿಲ್ಲದೆ ಹೋಗಬಹುದು, ಸ್ಟುಡಿಯೋದ ಗಂಡಸರಿಗೆ ಸಿಗದ ಚಿತ್ರಗಳು ಅಲ್ಲಿ ನಿಮಗೆ ಸಿಗುತ್ತವೆ. ಅಕ್ಕನನ್ನು ಕಿಟಕಿಯ ಕಡೆಗೆ ಮುಖ ಮಾಡಿಸಿ, ಕೋಣೆಯ ಬಲ್ಬು ಆರಿಸಿ, 50 ಎಂಎಂ ಹಾಕಿ. ಇದು ಆ ಲೆನ್ಸಿನ ಹೊತ್ತು.

ಗುಂಪು ಫೋಟೋ ಮೊದಲ ಪಂಕ್ತಿಗೆ ಬಾಳೆಲೆ ಹಾಕುವ ಮೊದಲೇ ಶುರುವಾಗಬೇಕು. ಎಲೆ ಬಿದ್ದ ಮೇಲೆ ಯಾರೂ ನಿಲ್ಲುವುದಿಲ್ಲ. ಅಜ್ಜ ಅಜ್ಜಿಯಂದಿರದ್ದು ಎಲ್ಲಕ್ಕಿಂತ ಮೊದಲು ಆಗಲಿ. ಎರಡೂ ಕಡೆಯಿಂದ ಸಂಬಂಧ ಬಲ್ಲವರು ಒಬ್ಬೊಬ್ಬರು ಹೆಸರು ಕರೆದು ನಿಲ್ಲಿಸಲಿ. ಎರಡು ಸಾಲು ಇದ್ದರೆ ಎಫ್ 8, ಒಂದೊಂದು ಗುಂಪಿಗೆ ನಾಲ್ಕು ಚಿತ್ರ, ಯಾರಾದರೂ ಕಣ್ಣು ಮುಚ್ಚಿರುತ್ತಾರೆ. ಹತ್ತಿರ ನಿಂತು 18 ಎಂಎಂನಲ್ಲಿ ತೆಗೆದರೆ ಅಂಚಿನಲ್ಲಿ ನಿಂತವರು ದಪ್ಪಗೆ ಎಳೆದಂತಾಗುತ್ತಾರೆ, ಹಿಂದೆ ಸರಿದು 30ರ ಸುಮಾರಿಗೆ ಬನ್ನಿ.

ಮೇ ಸಂಜೆಯ ಗುಡುಗು ಮಳೆಗೆ ಕ್ಯಾಮೆರಾ ಮುಚ್ಚಲು ಒಂದು ಪ್ಲಾಸ್ಟಿಕ್ ಚೀಲ ಜೊತೆಗಿರಲಿ. ಎಸಿ ಕಾರಿನಿಂದ ಇಳಿದ ಕೂಡಲೇ ಲೆನ್ಸಿಗೆ ಮಂಜು ಹಿಡಿಯುತ್ತದೆ, ಅರ್ಧ ಗಂಟೆ ಮೊದಲೇ ಕ್ಯಾಮೆರಾದ ಚೀಲವನ್ನು ಹೊರಗಿಡಿ. ನಿಮ್ಮ ಕ್ಯಾಮೆರಾದಲ್ಲಿ ಕಾರ್ಡು ಒಂದೇ. ದೊಡ್ಡದೊಂದರ ಬದಲು 32 ಜಿಬಿಯ ಮೂರು ಇರಲಿ, ಸಪ್ತಪದಿ ಮುಗಿದ ಕೂಡಲೇ ಕಾರ್ಡು ಬದಲಿಸಿ ಅದನ್ನು ನಿಮ್ಮ ಮೈಮೇಲಿನ ಜಿಪ್ ಇರುವ ಪರ್ಸಿಗೆ ಹಾಕಿ. ಕ್ಯಾಮೆರಾದಲ್ಲೇ ಡಿಲೀಟ್ ಮಾಡುತ್ತಾ ಕೂರಬೇಡಿ, ಗಡಿಬಿಡಿಯಲ್ಲಿ ಬೇಕಾದದ್ದೇ ಹೋಗುತ್ತದೆ. ಅದೇ ರಾತ್ರಿ ಲ್ಯಾಪ್‌ಟಾಪಿಗೂ ಇನ್ನೊಂದು ಹಾರ್ಡ್ ಡಿಸ್ಕಿಗೂ ಪ್ರತಿ ಹಾಕಿ, ಆಲ್ಬಮ್ ಅಕ್ಕನ ಕೈ ಸೇರುವವರೆಗೆ ಕಾರ್ಡು ಫಾರ್ಮ್ಯಾಟ್ ಮಾಡಬೇಡಿ. ಸ್ಟುಡಿಯೋದವರ ಕ್ಯಾಮೆರಾದ ಗಡಿಯಾರವನ್ನೂ ನಿಮ್ಮದನ್ನೂ ಬೆಳಿಗ್ಗೆಯೇ ಒಂದೇ ಸಮಯಕ್ಕೆ ಇಟ್ಟರೆ ಎರಡರ ಚಿತ್ರಗಳು ಕ್ರಮವಾಗಿ ಕೂರುತ್ತವೆ.

ನೀವು ಬರೆಯದೆ ಬಿಟ್ಟ ಒಂದು ವಿಷಯ ಉಂಟು. ಆ ದಿನ ನೀವು ಮದುಮಗಳ ತಂಗಿ. ಆರತಿ ತಟ್ಟೆ ಹಿಡಿ, ಪಾನಕ ಕೊಡು, ಬಂದವರನ್ನು ಮಾತಾಡಿಸು ಎಂದು ಹತ್ತು ಕಡೆಯಿಂದ ಕರೆ ಬರುತ್ತದೆ. ಆ ಕೆಲಸಗಳನ್ನು ಬೇರೆ ತಂಗಿಯಂದಿರಿಗೆ ಹಂಚಲು ದೊಡ್ಡಮ್ಮನಿಗೆ ವಾರದ ಮೊದಲೇ ಹೇಳಿ. ಸೀರೆ ಉಟ್ಟು ಸ್ಟೂಲು ಹತ್ತಿಳಿಯುವುದು ಅಪಾಯ. ಚೂಡಿದಾರ ಹಾಕಿ ಶಾಲಿಗೆ ಪಿನ್ನು ಹಾಕಿಕೊಳ್ಳಿ, ಸೀರೆ ಸಂಜೆಗೆ ಇರಲಿ. ಸ್ಟುಡಿಯೋದ ಹುಡುಗ ಹೊರಡುವ ಮೊದಲು ಅಕ್ಕನ ಪಕ್ಕದಲ್ಲಿ ನೀವು ನಿಂತದ್ದು, ಮನೆಯವರೆಲ್ಲರ ಜೊತೆಗಿರುವುದು ನಾಲ್ಕು ಚಿತ್ರ ತೆಗೆಸಿಕೊಳ್ಳಿ. ಇಲ್ಲದಿದ್ದರೆ ಇಡೀ ಆಲ್ಬಮ್‌ನಲ್ಲಿ ನೀವೊಬ್ಬರೇ ಇರುವುದಿಲ್ಲ, ಅದು ಅಕ್ಕನಿಗೂ ಆಮೇಲೆ ಬೇಸರವಾಗುತ್ತದೆ.

ದುಡ್ಡಿನ ಮಾತು ಎತ್ತಬಹುದು. ಕೂಲಿ ಬೇಡ ಎಂದು ನಿಮಗೆ ಅನಿಸಿದರೆ ಅದು ನಿಮ್ಮ ಸಂತೋಷ, ಆದರೆ ಲೆನ್ಸು, ಫ್ಲ್ಯಾಶಿನ ಬಾಡಿಗೆ, ಕಾರ್ಡು, ಸ್ಟುಡಿಯೋದ ಹುಡುಗನ ಸಂಬಳ, ಆಲ್ಬಮ್ ಪ್ರಿಂಟಿನ ಖರ್ಚು ಮದುವೆಯ ಲೆಕ್ಕಕ್ಕೆ ಸೇರಬೇಕು. ಚೀಟಿ ಬರೆದು ದೊಡ್ಡಪ್ಪನ ಕೈಗೆ ಕೊಡಿ. ಅದೇ ಚೀಟಿಯಲ್ಲಿ ಆ ರಾತ್ರಿ ವಾಟ್ಸಾಪಿಗೆ ಇಪ್ಪತ್ತು ಚಿತ್ರ, ತಿದ್ದಿದ ಮುನ್ನೂರು ಚಿತ್ರ ಒಂದು ತಿಂಗಳಲ್ಲಿ, ಆಲ್ಬಮ್ ಆಟಿ (ಜುಲೈ-ಆಗಸ್ಟ್‌ನ ತುಳು ತಿಂಗಳು) ಕಳೆದ ಮೇಲೆ ಎಂದೂ ಬರೆದಿಡಿ.