ಸಿಯಾಟಲ್‌ನಲ್ಲಿ ಕೂತು ಹಂದಿಗೋಡು ಕಾಯಿಲೆ ಬಗ್ಗೆ ಓದಬೇಕೆಂದರೆ

ಸಾಗರದವಳು, ಜೀವಶಾಸ್ತ್ರದಲ್ಲಿ ಎಂ.ಎಸ್ಸಿ. ಆಗಿದೆ, ಗಂಡನ ಕೆಲಸಕ್ಕಾಗಿ ಸಿಯಾಟಲ್‌ಗೆ ಬಂದಿದ್ದೇನೆ, ನಮ್ಮ ಸಾಗರದ ಕಡೆ ಕಾಣುವ, ಮೂಳೆ ಮತ್ತು ಕೀಲುಗಳನ್ನು ಕಾಡುವ ಆನುವಂಶಿಕ ಹಂದಿಗೋಡು ಕಾಯಿಲೆ ಬಗ್ಗೆ ಸರಿಯಾಗಿ ಓದಬೇಕು, ವಿದ್ಯಾರ್ಥಿ ಅಲ್ಲದವರನ್ನು ಯೂನಿವರ್ಸಿಟಿ ಲೈಬ್ರರಿಯೊಳಗೆ ಬಿಡುತ್ತಾರಾ ಎಂದು ಕೇಳಿದ್ದೀರಿ. ಬಿಡುತ್ತಾರೆ. ಧೈರ್ಯವಾಗಿ ಹೋಗಿ. ಡಿಪೆಂಡೆಂಟ್ ವೀಸಾದಲ್ಲಿ ಕೆಲಸಕ್ಕೆ ಅಡ್ಡಿ ಇರಬಹುದು, ಓದುವುದಕ್ಕೆ ಇಲ್ಲ.

ಯೂನಿವರ್ಸಿಟಿ ಆಫ್ ವಾಷಿಂಗ್ಟನ್ ಸರ್ಕಾರಿ ಯೂನಿವರ್ಸಿಟಿ. ಅದರ ಲೈಬ್ರರಿಗೆ ಹೊರಗಿನವರೂ ಹೋಗಿ ಕೂತು ಓದಬಹುದು. ಶಿಫಾರಸು ಪತ್ರ ಬೇಡ. ದುಡ್ಡು ಕೊಟ್ಟೇ ಓದಬೇಕಾದ ಜರ್ನಲ್‌ಗಳಲ್ಲಿ ಬಹಳಷ್ಟು ಅಲ್ಲಿನ ಕಂಪ್ಯೂಟರ್‌ನಲ್ಲಿ ತೆರೆಯುತ್ತವೆ. ಆದರೆ ಅಲ್ಲಿದ್ದಾಗ ಮಾತ್ರ, ಮನೆಯಿಂದ ಆಗುವುದಿಲ್ಲ. ಫೋಟೋ ಇರುವ ಗುರುತಿನ ಚೀಟಿ ಮತ್ತು ಪೆನ್‌ಡ್ರೈವ್ ಜೊತೆಗಿರಲಿ. ಪುಸ್ತಕ ಮನೆಗೆ ತರಲು ಕಾರ್ಡ್ ಬೇಕು. ಅದರ ಬದಲು ನೀವೀಗ ಇರುವ ಊರಿನ ಪಬ್ಲಿಕ್ ಲೈಬ್ರರಿಯಲ್ಲಿ ಇಂಟರ್‌ಲೈಬ್ರರಿ ಲೋನ್ ಕೇಳಿ, ಬೇರೆ ಲೈಬ್ರರಿಗಳಿಂದ ತರಿಸಿಕೊಡುತ್ತಾರೆ.

ಹೋಗುವ ಮುಂಚೆ ಮನೆಯಲ್ಲೇ ಅರ್ಧ ಕೆಲಸ ಮುಗಿಸಿಕೊಳ್ಳಿ. ಓಮಿಮ್‌ನಲ್ಲಿ (OMIM) ಹುಡುಕಿ. ವಿಕ್ಟರ್ ಮೆಕ್ಯುಸಿಕ್ 1966ರಲ್ಲಿ ಪುಸ್ತಕವಾಗಿ ತಂದ ಆನುವಂಶಿಕ ಕಾಯಿಲೆಗಳ ಪಟ್ಟಿ ಅದು. ಈಗ ಆನ್‌ಲೈನ್‌ನಲ್ಲಿದೆ, ಉಚಿತ. ಅದರಲ್ಲಿ ನಮ್ಮ ಹಂದಿಗೋಡಿನ ಹೆಸರಲ್ಲೇ ಒಂದು ನಮೂದು ಇದೆ. ಅಲ್ಲಿ ಕೊಟ್ಟಿರುವ ಪೇಪರುಗಳನ್ನೆಲ್ಲ ಬರೆದಿಟ್ಟುಕೊಳ್ಳಿ, ಆಮೇಲೆ ವೈದ್ಯಕೀಯ ಪೇಪರುಗಳನ್ನು ಹುಡುಕುವ ಉಚಿತ ತಾಣವಾದ ಪಬ್‌ಮೆಡ್‌ನಲ್ಲಿ (PubMed) ಒಂದೊಂದನ್ನೇ ನೋಡಿ. ಪೂರ್ತಿ ಸಿಗದವಕ್ಕೆ ಮಾತ್ರ ಲೈಬ್ರರಿ.

ಇಲ್ಲಿ ಒಂದು ವಿಷಯ ಗಮನದಲ್ಲಿರಲಿ. ಹಂದಿಗೋಡು ಎಂಬ ಹೆಸರಲ್ಲಿ ಮಾತ್ರ ಹುಡುಕಿದರೆ ಮೊದಲ ಪೇಪರುಗಳು ಕೈ ತಪ್ಪುತ್ತವೆ. 1977ರಲ್ಲಿ ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ರಿಸರ್ಚ್‌ನಲ್ಲಿ ಇದನ್ನು ‘ಮಲೆನಾಡಿನ ಕೌಟುಂಬಿಕ ಸಂಧಿವಾತ’ ಎಂಬ ಅರ್ಥದ ಹೆಸರಿನಲ್ಲಿ ಬರೆದಿದ್ದರು. 1990ರ ದಶಕದಲ್ಲಿ ಎಕ್ಸ್‌ರೇ ನೋಡಿ ಬರೆದವರು ಮೂಳೆ ಬೆಳವಣಿಗೆಯ ದೋಷ ಎಂದರು. ಒಂದೇ ಕಾಯಿಲೆ, ಹೆಸರು ಬೇರೆ ಬೇರೆ. ಆದ್ದರಿಂದ ಮಲ್ನಾಡ್, ಆರ್ಥ್ರೈಟಿಸ್ (ಸಂಧಿವಾತ), ಡಿಸ್‌ಪ್ಲೇಸಿಯಾ (ಬೆಳವಣಿಗೆಯ ದೋಷ) ಎಲ್ಲವನ್ನೂ ಹಾಕಿ ಹುಡುಕಿ. ಗದ್ದೆ ಏಡಿ ತಿಂದಿದ್ದಕ್ಕೆ ಬಂತು ಎಂಬ ಮಾತನ್ನು ನೀವೂ ಕೇಳಿರುತ್ತೀರಿ, ಅಲ್ವಾ? ಅದು ಏಡಿಯಿಂದಲ್ಲ, ವಂಶದಿಂದ ಬರುವುದು, ತಂದೆ ಅಥವಾ ತಾಯಿ ಒಬ್ಬರಿಗಿದ್ದರೂ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ ಎಂಬ ತೀರ್ಮಾನಕ್ಕೆ ವಿಜ್ಞಾನಿಗಳು ಹೇಗೆ ಬಂದರು ಎಂಬುದನ್ನು ಈ ಪೇಪರುಗಳನ್ನು ವರ್ಷದ ಕ್ರಮದಲ್ಲಿ ಓದಿದಾಗಲೇ ಚೆನ್ನಾಗಿ ತಿಳಿಯುವುದು. ಬಡವರ ಮನೆಗಳ ನೋವು ಇದು. ನೀವು ಓದಲು ಹೊರಟಿರುವುದು ನನಗೆ ನಿಜಕ್ಕೂ ಸಂತೋಷ ತಂದಿದೆ.

ಆನುವಂಶಿಕ ಕಾಯಿಲೆಗಳ ಬಗ್ಗೆ ತಜ್ಞರು ಬರೆದ ಅಧ್ಯಾಯಗಳಿರುವ ಆನ್‌ಲೈನ್ ಸಂಗ್ರಹ ಜೀನ್‌ರಿವ್ಯೂಸ್ (GeneReviews) ಕೂಡ ನೋಡಿ. ಅದನ್ನು ನಡೆಸುವುದು ಇದೇ ಯೂನಿವರ್ಸಿಟಿ. ಟೈಪ್ 2 ಕೊಲಾಜೆನ್ (ಮೃದ್ವಸ್ಥಿಯಲ್ಲಿರುವ ಒಂದು ಪ್ರೋಟೀನ್) ದೋಷಗಳ ಅಧ್ಯಾಯ ಓದಿದರೆ ಇಂಥ ಮೂಳೆ ಕಾಯಿಲೆಗಳ ಹಿನ್ನೆಲೆ ಸಿಗುತ್ತದೆ.

ಎಲ್ಲಕ್ಕಿಂತ ಮುಖ್ಯ, ಲೈಬ್ರೇರಿಯನ್ ಹತ್ತಿರ ಮಾತಾಡಿ. ಹೆಲ್ತ್ ಸೈನ್ಸಸ್ ಲೈಬ್ರರಿಯಲ್ಲಿ ವೈದ್ಯಕೀಯ ವಿಷಯ ಹುಡುಕುವುದನ್ನೇ ಕಸುಬು ಮಾಡಿಕೊಂಡವರು ಇರುತ್ತಾರೆ. ನಮ್ಮವರು ಸಂಕೋಚದಿಂದ ಮೂಲೆಯಲ್ಲಿ ಸುಮ್ನೆ ಕೂತುಬಿಡುತ್ತಾರೆ. ಹಾಗೆ ಮಾಡಬೇಡಿ. ಪ್ರಶ್ನೆ ಕೇಳಿದರೆ ಅವರಿಗೆ ಬೇಸರವಾಗುವುದಿಲ್ಲ, ಅದೇ ಅವರ ಕೆಲಸ. ನೀವು ಏನು ಓದುತ್ತೀರಿ ಎಂಬುದನ್ನು ಗುಟ್ಟಾಗಿಡುವುದು ಅವರ ವೃತ್ತಿಯ ನಿಯಮ. ಹಳೆಯ ಬೈಂಡ್ ಸಂಪುಟಗಳು ಬೇರೆ ಕಟ್ಟಡದಲ್ಲಿ ಇರಬಹುದು, ಹೇಗೆ ತರಿಸುವುದೆಂದು ಅವರನ್ನೇ ಕೇಳಿ.

ನಿಮ್ಮ ಮನೆಯವರಲ್ಲೇ ಯಾರಿಗಾದರೂ ಈ ತೊಂದರೆ ಇದ್ದರೆ ಓದಿದ್ದನ್ನಷ್ಟೇ ನಂಬಿ ನಿರ್ಧಾರ ಮಾಡಬೇಡಿ, ಆನುವಂಶಿಕ ಕಾಯಿಲೆಗಳ ಬಗ್ಗೆ ಸಲಹೆ ಕೊಡುವ ಜೆನೆಟಿಕ್ ಕೌನ್ಸೆಲರ್ ಹತ್ತಿರ ಹೋಗಿ.

ಕಾರ್ ಬೇಡ, ಪಾರ್ಕಿಂಗ್ ದುಬಾರಿ. ಲೈಟ್ ರೈಲ್‌ನಲ್ಲಿ ಹಸ್ಕಿ ಸ್ಟೇಡಿಯಂ ಪಕ್ಕದ ಯೂನಿವರ್ಸಿಟಿ ಆಫ್ ವಾಷಿಂಗ್ಟನ್ ಸ್ಟೇಷನ್‌ನಲ್ಲಿ ಇಳಿದರೆ ಎದುರಿಗೇ ಮೆಡಿಕಲ್ ಸೆಂಟರ್, ಲೈಬ್ರರಿಗೆ ಅಲ್ಲಿಂದ ನಡೆದೇ ಹೋಗಬಹುದು. ರಜೆಯಲ್ಲಿ ಸಮಯ ಬದಲಾಗುತ್ತದೆ, ಹೊರಡುವ ದಿನ ಬೆಳಿಗ್ಗೆ ಒಮ್ಮೆ ನೋಡಿಕೊಳ್ಳಿ.