ಅರಳುಮರಳೆಂದು ಕರೆತಂದರು

ಸೊಸೆ ಅತ್ತೆಯನ್ನು ಆಪ್ತಸಮಾಲೋಚನೆಗೆಂದು ನನ್ನ ಬಳಿ ಕರೆತಂದದ್ದು ಮರೆವಿನ ದೂರಿನೊಂದಿಗೆ. “ರಾತ್ರಿ ಮಗಳ ಜೊತೆ ಫೋನಿನಲ್ಲಿ ಅರ್ಧ ಗಂಟೆ ಮಾತನಾಡುತ್ತಾರೆ. ಬೆಳಿಗ್ಗೆ ಎದ್ದು ಅವಳು ಫೋನೇ ಮಾಡಲಿಲ್ಲವೆಂದು ಅಳುತ್ತಾರೆ. ಅರವತ್ತಕ್ಕೆ ಅರಳುಮರಳು ಅನ್ನುತ್ತಾರಲ್ಲ ಮೇಡಂ, ಅದೇ ಇರಬೇಕು.” ಅತ್ತೆಗೆ ಆಗ 61 ವರ್ಷ. ಶಾರದಮ್ಮ ಎಂದು ಕರೆಯೋಣ. ಹೆಸರನ್ನೂ ಮನೆಯ ವಿವರಗಳನ್ನೂ ಬದಲಿಸಿದ್ದೇನೆ.

ಸೊಸೆಯನ್ನು ಹೊರಗೆ ಕೂರಿಸಿ ಶಾರದಮ್ಮನವರೊಬ್ಬರನ್ನೇ ಮಾತನಾಡಿಸಿದೆ. ಮೊಣಕೈ ಬಳಿ ಪೆಟ್ಟು ಬಿದ್ದು ಕಂದಿದ ಕಲೆ. ರಾತ್ರಿ ಬಚ್ಚಲಿಗೆ ಹೋಗುವಾಗ ಬಿದ್ದರಂತೆ, ಒಂದೇ ತಿಂಗಳಲ್ಲಿ ಎರಡನೆಯ ಸಲ. ಮರೆವು, ಬೀಳುವುದು, ಸಂಜೆಯಾದರೆ ಕಾರಣವಿಲ್ಲದ ಸಿಡಿಮಿಡಿ ಒಟ್ಟಿಗೆ ಬಂದಾಗ ನಾನು ವಯಸ್ಸನ್ನು ದೂರುವ ಮೊದಲು ಮಾತ್ರೆಗಳನ್ನು ವಿಚಾರಿಸುತ್ತೇನೆ. ಬಿಪಿಯದ್ದು ಹೇಳಿದರು, ಥೈರಾಯ್ಡಿನದ್ದು ಹೇಳಿದರು. “ನಿದ್ದೆಗೆ?” ಎಂದೆ. ಸೆರಗಿನ ಅಂಚನ್ನು ಮಡಿಸುತ್ತ ಕುಳಿತರು. “ಅದೇನು ಔಷಧವಲ್ಲ ಅಮ್ಮಾ, ಚಿಕ್ಕದೊಂದು ಮಾತ್ರೆ.”

ಆ ಚಿಕ್ಕ ಮಾತ್ರೆ ಅಲ್ಪ್ರಜೋಲಾಂ. ನಾಲ್ಕು ವರ್ಷದ ಹಿಂದೆ ಮೇಷ್ಟ್ರಾಗಿದ್ದ ಯಜಮಾನರು ತೀರಿಕೊಂಡಾಗ ವೈದ್ಯರು ಹದಿನೈದು ದಿನಕ್ಕೆಂದು 0.25 ಮಿಲಿಗ್ರಾಂ ಬರೆದುಕೊಟ್ಟಿದ್ದರು. ಅದೇ ಚೀಟಿ ಮಡಿಕೆಯಲ್ಲಿ ಹರಿದು, ಅಂಟುಪಟ್ಟಿ ಹಚ್ಚಿಸಿಕೊಂಡು, ನಾಲ್ಕು ವರ್ಷ ಔಷಧದಂಗಡಿಗೆ ಹೋಗಿಬಂದಿದೆ. ಈಗ ರಾತ್ರಿ 1 ಮಿಲಿಗ್ರಾಂ, ಮಧ್ಯಾಹ್ನ ಇನ್ನರ್ಧ. ಇದು ಎಚ್1 ಪಟ್ಟಿಯ ಔಷಧ, ಎಂದರೆ ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. ವೈದ್ಯರ ಮತ್ತು ರೋಗಿಯ ಹೆಸರನ್ನು ಅಂಗಡಿಯವರು ಪ್ರತ್ಯೇಕ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಡಬೇಕೆಂಬ ನಿಯಮ 2014ರಿಂದ ಜಾರಿಯಲ್ಲಿದೆ. ಆದರೆ ಮೇಷ್ಟ್ರ ಹೆಂಡತಿಯ ಬಳಿ ಹೊಸ ಚೀಟಿ ಕೇಳುವಷ್ಟು ನಿಷ್ಠುರರು ನಮ್ಮಲ್ಲಿ ಕಡಿಮೆ.

ಡ್ರಗ್ಸ್ ಎಂದಾಗ ಕಾಲೇಜು ಹುಡುಗರು, ಗಾಂಜಾ ಕಣ್ಣಮುಂದೆ ಬರುತ್ತಾರೆಯೇ ಹೊರತು ಬಿಸ್ಕತ್ತಿನ ಡಬ್ಬಿಯಲ್ಲಿ ಮಾತ್ರೆ ಬಚ್ಚಿಟ್ಟುಕೊಂಡ ಅಜ್ಜಿಯಲ್ಲ. ಮಿದುಳಿಗೆ ಈ ಭೇದ ಗೊತ್ತಿಲ್ಲ. ಮಿದುಳಿನ ಓಟಕ್ಕೆ ಗಾಬಾ ಎಂಬ ರಾಸಾಯನಿಕವೇ ಬ್ರೇಕು. ಈ ಜಾತಿಯ ಮಾತ್ರೆಗಳು ಆ ಬ್ರೇಕನ್ನು ಇನ್ನಷ್ಟು ಬಿಗಿಯುತ್ತವೆ. ಗಾಬರಿ ತಣಿಯುತ್ತದೆ, ಸ್ನಾಯು ಸಡಿಲವಾಗುತ್ತದೆ, ನಿದ್ದೆ ಬರುತ್ತದೆ. ಅದರ ಬೆನ್ನಿಗೇ ಹೊಸ ನೆನಪು ಅಚ್ಚಾಗುವ ಕೆಲಸವೂ ಕುಂಟುತ್ತದೆ. ಶಾರದಮ್ಮ ಮಗಳ ಫೋನನ್ನು ಮರೆತಿರಲಿಲ್ಲ, ಅದು ಮನಸ್ಸಿನಲ್ಲಿ ದಾಖಲಾಗಿಯೇ ಇರಲಿಲ್ಲ. ಬಚ್ಚಲಲ್ಲಿ ಬೀಳಿಸಿದ್ದೂ ಸಡಿಲಗೊಂಡ ಅದೇ ಸ್ನಾಯು. ದಿನವೂ ಹೊರಗಿನಿಂದ ಬ್ರೇಕು ಸಿಕ್ಕರೆ ಮಿದುಳು ತನ್ನದನ್ನು ಸಡಿಲಿಸಿಕೊಳ್ಳುತ್ತದೆ, ಹಳೆಯ ಪ್ರಮಾಣ ಸಾಲದಾಗುತ್ತದೆ. ಅಲ್ಪ್ರಜೋಲಾಂ ಪರಿಣಾಮ ಬೇಗ ಇಳಿಯುವುದರಿಂದ ಎರಡು ಮಾತ್ರೆಗಳ ನಡುವೆಯೇ ಚಡಪಡಿಕೆ ತಲೆದೋರುತ್ತದೆ. ಸಂಜೆಯ ಸಿಡಿಮಿಡಿಯ ಮೂಲ ಅಲ್ಲಿತ್ತು.

ಮುಂದಿನದರಲ್ಲಿ ತಪ್ಪು ನನ್ನದು. ಶಾರದಮ್ಮನವರ ಒಪ್ಪಿಗೆ ಪಡೆದು ಸೊಸೆಗೆ ಎಲ್ಲವನ್ನೂ ವಿವರಿಸಿದೆ, ಮನೋವೈದ್ಯರಿಗೆ ಪತ್ರವನ್ನೂ ಕೊಟ್ಟೆ. ವೈದ್ಯರನ್ನು ಕಾಣುವವರೆಗೆ ಮಾತ್ರೆ ನಿಲ್ಲಿಸಬಾರದೆಂಬ ಮಾತನ್ನು ಹೊರಡುವ ಗಡಿಬಿಡಿಯಲ್ಲಿ ಒಮ್ಮೆ ಹೇಳಿ ಬಿಟ್ಟೆ. ಮೂರು ಸಲ ಹೇಳಬೇಕಿತ್ತು. ಅತ್ತೆಯ ಮೇಲಿನ ಕಾಳಜಿಯಿಂದಲೇ ಸೊಸೆ ಅಂದು ರಾತ್ರಿ ಡಬ್ಬಿಯನ್ನು ಖಾಲಿ ಮಾಡಿದರು. ಮೂರನೆಯ ದಿನ ಫೋನು ಬಂತು: ಕೈ ನಡುಕ, ಬೆವರು, ಎರಡು ರಾತ್ರಿಯಿಂದ ಕಣ್ಣು ಮುಚ್ಚಿಲ್ಲ, ಮಿಕ್ಸಿ ತಿರುಗಿಸಿದರೆ ಕಿವಿ ಮುಚ್ಚಿಕೊಂಡು ಕಿರುಚುತ್ತಾರೆ. ಹೊರಗಿನಿಂದ ಸಿಗುತ್ತಿದ್ದ ಬ್ರೇಕು ಒಮ್ಮೆಲೇ ಕಿತ್ತುಬಂದರೆ ಫಿಟ್ಸ್ ಬರಬಹುದು, ಪ್ರಾಣಕ್ಕೂ ಅಪಾಯ. ಕೂಡಲೇ ಆಸ್ಪತ್ರೆಗೆ ಕಳುಹಿಸಿದೆ. ಫಿಟ್ಸ್ ಬರಲಿಲ್ಲ. ವೈದ್ಯರು ಮಾತ್ರೆಯನ್ನು ಮತ್ತೆ ಆರಂಭಿಸಿ, ತಿಂಗಳುಗಟ್ಟಲೆ ಹಂತಹಂತವಾಗಿ ಇಳಿಸುವ ಲೆಕ್ಕ ಹಾಕಿಕೊಟ್ಟರು.

ಆ ಲೆಕ್ಕ ವೈದ್ಯರದು, ನಾನು ಅದರಲ್ಲಿ ಕೈಹಾಕುವುದಿಲ್ಲ. ಸೊಸೆಗೆ ನಾನು ಹೇಳಿದ್ದು ಡಬ್ಬಿಯ ಬಗ್ಗೆ. ಅದು ಅತ್ತೆಯ ಕೈಯಲ್ಲೇ ಇರಲಿ, ಭಾನುವಾರಕ್ಕೊಮ್ಮೆ ಇಬ್ಬರೂ ಕೂತು ವಾರದ ಮಾತ್ರೆ ಎಣಿಸಿಡಿ. ಕಾವಲು ಕೂತರೆ ಅವರು ಇನ್ನೊಂದು ಡಬ್ಬಿ ಹುಡುಕುತ್ತಾರೆ. ನೆಗಡಿಗೆಂದು ಅಂಗಡಿಯಲ್ಲಿ ಸಿಗುವ ಮಂಪರಿನ ಔಷಧಗಳನ್ನು ವೈದ್ಯರನ್ನು ಕೇಳದೆ ಕೊಡಬೇಡಿ. ಬಚ್ಚಲಿನ ದಾರಿಗೆ ಸಣ್ಣ ದೀಪ ಹಾಕಿ. ಮರೆವಿನ ಪರೀಕ್ಷೆ ಮಾತ್ರೆ ಇಳಿದ ಮೇಲೆ; ಆಗಲೂ ಉಳಿದರೆ ಬೇರೆ ಕಾರಣ ಹುಡುಕೋಣ.

ಶಾರದಮ್ಮನವರ ಸಂಜೆ ಆರರ ಫಿಲ್ಟರ್ ಕಾಫಿಯನ್ನು ಮಧ್ಯಾಹ್ನಕ್ಕೆ ತರಲು ಎರಡು ಭೇಟಿ ಬೇಕಾದವು. ಮಾತ್ರೆಗಿಂತ ಕಾಫಿಗೇ ಹೆಚ್ಚು ವಾದಿಸಿದರು. ಪ್ರತಿ ಸಲ ಇಳಿಸಿದಾಗ ಕೆಲವು ರಾತ್ರಿ ನಿದ್ದೆ ಕೆಡುತ್ತದೆ, ಅದು ಹಳೆಯ ಕಾಯಿಲೆ ಮರಳಿದ್ದಲ್ಲ ಎಂದು ಚೀಟಿಯಲ್ಲಿ ಬರೆದುಕೊಟ್ಟೆ. ನಿದ್ದೆ ಬಾರದಿದ್ದರೆ ಹೊರಳಾಡದೆ ಎದ್ದು ಕೂರಿ, ಬೆಳಿಗ್ಗೆ ಮಾತ್ರ ಎಂದಿನ ಹೊತ್ತಿಗೇ ಏಳಿ ಎಂದೆ. “ಎದ್ದು ಕೂತರೆ ಅವರ ಕುರ್ಚಿ ಕಾಣುತ್ತದಲ್ಲ ಅಮ್ಮಾ” ಎಂದರು. ಅಂದಿನಿಂದ ನಾಲ್ಕು ಭೇಟಿಗಳಲ್ಲಿ ಮಾತ್ರೆಯ ಮಾತೇ ಬರಲಿಲ್ಲ, ಮೇಷ್ಟ್ರ ಮಾತೇ.

ನಿಮ್ಮ ಮನೆಯಲ್ಲೂ ಇಂಥ ಡಬ್ಬಿಯಿದ್ದರೆ ಎಸೆಯಬೇಡಿ, ವೈದ್ಯರ ಬಳಿ ಒಯ್ಯಿರಿ. ಯಾರನ್ನು ಕೇಳಬೇಕೆಂದು ತೋಚದಿದ್ದರೆ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು. ಉಚಿತ, ಕನ್ನಡದಲ್ಲೂ ಮಾತನಾಡುತ್ತಾರೆ.

ಕಳೆದ ವಾರ ಶಾರದಮ್ಮನವರೇ ಫೋನು ಮಾಡಿದ್ದರು. ರಾತ್ರಿಯ ಮಾತ್ರೆ ಅರ್ಧಕ್ಕೆ ಇಳಿದಿದೆ. ಗೌರಿ ಹಬ್ಬಕ್ಕೆ ಮಗಳು ಬರುತ್ತಾಳೆ, ಮುಂದಿನ ಇಳಿಕೆಯನ್ನು ಹಬ್ಬ ಕಳೆದ ಮೇಲೆ ಮಾಡಬಹುದೇ ಎಂದು ಕೇಳಿದರು. ವೈದ್ಯರು ಎರಡು ವಾರ ಅಲ್ಲೇ ನಿಲ್ಲಲು ಒಪ್ಪಿದ್ದಾರೆ.