ಒಂದು ಮಕೋಸಾ, ಹತ್ತಾರು ಪ್ಲೇಟು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಹಾಡಿನ ಸುತ್ತ ಇವೆ: ಕ್ಯಾಮರೂನ್ ದೇಶದ ಸ್ಯಾಕ್ಸೋಫೋನ್ ವಾದಕ ಮನು ಡಿಬಾಂಗೋ ಅವರ ‘ಸೋಲ್ ಮಕೋಸಾ’. ‘ಕವರ್’ ಎಂಬ ಮಾತು ಎರಡು ಅರ್ಥದಲ್ಲಿ ಬಂದು ಗೊಂದಲವಾಗುವುದರಿಂದ, ಒಬ್ಬರ ಹಾಡನ್ನು ಇನ್ನೊಬ್ಬರು ಹೊಸದಾಗಿ ನುಡಿಸಿ ಮುದ್ರಿಸಿದ್ದಕ್ಕೆ ಮಾತ್ರ ಇಲ್ಲಿ ಕವರ್ ಎಂದಿದ್ದೇವೆ. ಪ್ಲೇಟು (ಗ್ರಾಮಫೋನ್ ರೆಕಾರ್ಡ್) ಇಡುವ ಕಾಗದದ ಹೊದಿಕೆಗೆ ಲಕೋಟೆ ಎಂದಿದ್ದೇವೆ.

ಪ್ರಶ್ನೆ: ಈ ಹಾಡಿಂದು ಎಷ್ಟು ಕವರ್ ಅವ ಅಂತ ಹುಡುಕ್ಲಿಕ್ಕೆ ಹತ್ತೀನ್ರಿ. ದಿನಾ ಹೊಸಾದೊಂದು ಸಿಗ್ತದ. ಎಲ್ಲಿಂದ ಸುರು ಮಾಡ್ಬೇಕು, ಎಲ್ಲಿ ನಿಲ್ಲಿಸ್ಬೇಕು? (ಓದುಗರು, ಕಲಬುರಗಿ)

1973ರಿಂದ ಸುರು ಮಾಡಿ, ಮೊದಲ ಸುತ್ತಿನಲ್ಲಿ ಅಲ್ಲೇ ನಿಲ್ಲಿಸಿ. ಆ ಒಂದೇ ವರ್ಷಕ್ಕೆ ನಿಮ್ಮ ಕಪಾಟು ಅರ್ಧ ತುಂಬುತ್ತದೆ. ಅದಕ್ಕೆ ಕಾರಣವೂ ಇದೆ.

1972ರಲ್ಲಿ ಆಫ್ರಿಕಾ ಕಪ್ ಫುಟ್‌ಬಾಲ್ ಕ್ಯಾಮರೂನಿನಲ್ಲಿ ನಡೆಯಿತು. ಅದಕ್ಕೆಂದು ಡಿಬಾಂಗೋ ಒಂದು ಗೀತೆ ಮಾಡಿದರು. ಆ ಪ್ಲೇಟಿನ ಹಿಂಬದಿಯಲ್ಲಿ ಇದ್ದದ್ದು ‘ಸೋಲ್ ಮಕೋಸಾ’. ಮುಂದಿನ ಬದಿಯ ಹಾಡು ಈಗ ಯಾರಿಗೂ ನೆನಪಿಲ್ಲ. ನ್ಯೂಯಾರ್ಕಿನಲ್ಲಿ ‘ಲಾಫ್ಟ್’ ಎಂಬ ಕುಣಿತದ ಕೂಟ ನಡೆಸುತ್ತಿದ್ದ ಡೇವಿಡ್ ಮಂಕೂಸೊಗೆ ಬ್ರೂಕ್ಲಿನ್‌ನ ವೆಸ್ಟ್ ಇಂಡಿಯನ್ನರ ಅಂಗಡಿಯೊಂದರಲ್ಲಿ ಈ ಫ್ರೆಂಚ್ ಪ್ಲೇಟು ಸಿಕ್ಕಿತು. ಆಮೇಲೆ ಡಬ್ಲ್ಯುಬಿಎಲ್‌ಎಸ್ ರೇಡಿಯೊದ ಫ್ರಾಂಕಿ ಕ್ರಾಕರ್ ಅದನ್ನು ಮೇಲಿಂದ ಮೇಲೆ ಹಾಕಿದರು. ಹಾಡು ಎಲ್ಲರಿಗೂ ಬೇಕಾಯಿತು, ಪ್ಲೇಟು ಮಾತ್ರ ಅಂಗಡಿಯಲ್ಲಿರಲಿಲ್ಲ. ಆ ಖಾಲಿ ಜಾಗಕ್ಕೆ ಸಣ್ಣಪುಟ್ಟ ಕಂಪನಿಗಳು ನುಗ್ಗಿ, ಕೈಗೆ ಸಿಕ್ಕ ತಂಡವನ್ನು ಸ್ಟುಡಿಯೋಗೆ ಕರೆದು ತಮ್ಮದೇ ‘ಸೋಲ್ ಮಕೋಸಾ’ ಅಚ್ಚುಹಾಕಿದವು. ಕನಿಷ್ಠ 23 ತಂಡಗಳು ಹೀಗೆ ಮಾಡಿದವು ಎಂಬ ಲೆಕ್ಕ ಚಾಲ್ತಿಯಲ್ಲಿದೆ. ಅಷ್ಟರಲ್ಲಿ ಅಟ್ಲಾಂಟಿಕ್ ಕಂಪನಿ ಮೂಲದ ಹಕ್ಕು ಪಡೆದು ಬಿಡುಗಡೆ ಮಾಡಿತು. ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ನೂರರ ಪಟ್ಟಿಯಲ್ಲಿ ಮೂಲ ಹಾಡು 35ನೇ ಸ್ಥಾನಕ್ಕೆ ಏರಿದರೆ ‘ಆಫ್ರೀಕ್’ ತಂಡದ ಕವರ್ 47ಕ್ಕೆ ಏರಿತ್ತು.

ಹೀಗಾಗಿ ಮೊದಲು ಕೊಳ್ಳಬೇಕಾದ್ದು ಮೂಲ. ಅದು ಕಿವಿಯಲ್ಲಿ ಕೂರದೆ ಕವರ್ ತೂಗಲಾಗದು. ಎರಡನೆಯದು ಆಫ್ರೀಕ್. ಹೆಸರು ನೋಡಿ ಆಫ್ರಿಕನ್ನರೆಂದು ತಿಳಿಯಬೇಡಿ. ಚಕ್ ರೇನಿ, ಡೇವಿಡ್ ಟಿ. ವಾಕರ್‌ರಂಥ ಅಮೆರಿಕದ ನುರಿತ ಸ್ಟುಡಿಯೋ ವಾದಕರು. ನುಡಿಸಾಣಿಕೆ ಚೊಕ್ಕ, ಆದರೆ ಮೂಲದಲ್ಲಿರುವ ತುಸು ಓಲಾಟ ಅಲ್ಲಿಲ್ಲ. ಆಮೇಲೆ ನೈಜೀರಿಯಾದ ಡೋಲುಗಾರ ಬಾಬಾತುಂಡೆ ಒಲಾಟುಂಜಿ, ಪಾಲ್ ವಿನ್ಲೀ ಕಂಪನಿಯ ಮೈಟಿ ಟಾಮ್ ಕ್ಯಾಟ್ಸ್, ಪ್ಯಾರಿಸ್‌ನಲ್ಲಿ ನೆಲೆಸಿದ್ದ ಅಮೆರಿಕನ್ನರ ಲಫಾಯೆಟ್ ಆಫ್ರೋ ರಾಕ್ ಬ್ಯಾಂಡ್. ಕೊನೆಯವರ 1973ರ ಎಲ್‌ಪಿಯ (ಹಲವು ಹಾಡುಗಳ ದೊಡ್ಡ ಪ್ಲೇಟಿನ) ಹೆಸರೂ ಇದೇ ಹಾಡಿನದು. ನಮ್ಮ ಕೇಳ್ಮೆಯಲ್ಲಿ ಈ ಮೂರರಲ್ಲಿ ಹಣ ಕೊಟ್ಟು ಕೊಳ್ಳುವಂಥದ್ದು ಲಫಾಯೆಟ್.

ಪಟ್ಟಿಯನ್ನು ಮೊದಲ ದಿನವೇ ಬರೆಯಲು ಕೂರಿ. ಲೇಬಲಿನ ಮೇಲೆ ಇದ್ದ ಕಾಗುಣಿತದಲ್ಲೇ ತಂಡದ ಹೆಸರು, ದೇಶ, ಕಂಪನಿ, ಪ್ಲೇಟಿನ ಸಂಖ್ಯೆ, ಯಾವ ಬದಿ, ಲೇಬಲಿನಲ್ಲಿ ಅಚ್ಚಾದ ಅವಧಿ, ನೀವು ಗಡಿಯಾರ ಹಿಡಿದು ಅಳೆದ ಅವಧಿ, ಹಾಡು ಮುಗಿದ ಮೇಲಿನ ನುಣುಪು ಜಾಗದಲ್ಲಿ ಕೆತ್ತಿದ ಅಕ್ಷರಗಳು. ಎರಡೂ ಅವಧಿ ಬರೆಯಿರಿ ಎಂದದ್ದು ಸುಮ್ಮನೆ ಅಲ್ಲ. ಆ ಕಾಲದ 45ಗಳಲ್ಲಿ (ನಿಮಿಷಕ್ಕೆ 45 ಸುತ್ತು ತಿರುಗುವ ಸಣ್ಣ ಪ್ಲೇಟುಗಳಲ್ಲಿ) ಅಚ್ಚಾದ ಅವಧಿಗೂ ನಿಜದ್ದಕ್ಕೂ ಹತ್ತು ಹದಿನೈದು ಸೆಕೆಂಡಿನ ಅಂತರ ಸಾಮಾನ್ಯ. ಕೆತ್ತಿದ ಅಕ್ಷರ ಓದಲು ಟಾರ್ಚನ್ನು ಓರೆಯಾಗಿ ಹಿಡಿಯಿರಿ. ನೇರ ಬೆಳಕಿಗೆ ಏನೂ ಕಾಣದು.

ಪ್ರಶ್ನೆ: ಮೈಕೆಲ್ ಜಾಕ್ಸನ್ ಹಾಡಿದ್ದನ್ನೂ ಕವರ್ ಪಟ್ಟಿಗೆ ಸೇರಿಸಬಹುದೆ? (ಓದುಗರು, ಬೀದರ್)

ಇಲ್ಲ. 1982ರ ‘ಥ್ರಿಲ್ಲರ್’ ಎಲ್‌ಪಿಯ ಮೊದಲ ಹಾಡಿನ ಕೊನೆಗೆ ಬರುವ ‘ಮಾಮಾಸೇ ಮಾಮಾಸಾ’ ಸಾಲು ಡಿಬಾಂಗೋ ಅವರ ಉಚ್ಚಾರದಿಂದ ಬಂದದ್ದೇ. ಆ ಬಗ್ಗೆ ಅವರು ಮೊಕದ್ದಮೆ ಹೂಡಿ, ಕೋರ್ಟಿನ ಹೊರಗೆ ರಾಜಿಯೂ ಆಯಿತು. ಆದರೆ ಉಳಿದ ರಾಗ, ಸಾಹಿತ್ಯ, ತಾಳ ಬೇರೆ. ಅದು ಎರವಲು. ರಿಹಾನಾ ಅವರ 2007ರ ಹಾಡು ಆ ಎರವಲಿನ ಎರವಲು. ಆಗಲೂ ಡಿಬಾಂಗೋ ಕೋರ್ಟಿಗೆ ಹೋದರು. ಇಂಥವಕ್ಕೆ ನೋಟ್‌ಬುಕ್ಕಿನಲ್ಲಿ ಬೇರೆ ಪುಟ ಇಡಿ.

ತಲೆನೋವಿನ ಪ್ರಕರಣ ಇನ್ನೊಂದಿದೆ. ಫಾನಿಯಾ ಆಲ್ ಸ್ಟಾರ್ಸ್‌ನ ‘ಲ್ಯಾಟಿನ್ ಸೋಲ್ ರಾಕ್’ (1974) ಎಲ್‌ಪಿಯಲ್ಲಿ ಇದೇ ಹಾಡಿದೆ, ಸ್ಯಾಕ್ಸೋಫೋನ್ ಸ್ವತಃ ಡಿಬಾಂಗೋ ಅವರದು. ತಂಡ ಬೇರೆ, ಬರೆದವರೇ ಅತಿಥಿ. ನಮ್ಮ ಮಟ್ಟಿಗೆ ಲೇಬಲಿನಲ್ಲಿ ಮುಖ್ಯ ಹೆಸರು ಯಾರದೋ ಅದರಂತೆ ನಡೆಯುವುದು, ಆದ್ದರಿಂದ ಇದು ಕವರ್. ಡಿಬಾಂಗೋ ತಮ್ಮ ಹೆಸರಲ್ಲೇ ಮತ್ತೆ ಮುದ್ರಿಸಿದ್ದು, ಉದಾಹರಣೆಗೆ 1994ರ ‘ವಾಕಾಫ್ರಿಕಾ’ದ್ದು, ಕವರ್ ಅಲ್ಲ, ಮರುಮುದ್ರಣ.

ನಿಮ್ಮ ಬೀದರಿನಲ್ಲಿ ಆಫ್ರಿಕಾ ಮೂಲದ ಹಬ್ಶಿಗಳ ಹೆಸರು ಹೊತ್ತ ಹಬ್ಶಿ ಕೋಟ್‌ಗೂ ಈ ಸಂಗೀತಕ್ಕೂ ನಂಟಿದೆಯೆ ಎಂದೂ ಕೇಳಿದ್ದೀರಿ. ಹಬ್ಶಿಗಳು ಅಬಿಸೀನಿಯಾ (ಈಗಿನ ಇಥಿಯೋಪಿಯಾ) ಕಡೆಯವರು, ಅದು ಆಫ್ರಿಕಾದ ಮೂಡಣ ಭಾಗ. ಡಿಬಾಂಗೋ ಹುಟ್ಟಿದ ದುವಾಲಾ ಪಡುವಣ ಕರಾವಳಿಯಲ್ಲಿದೆ. ನಡುವೆ ಒಂದು ಖಂಡವೇ ಇದೆ.

ಪ್ರಶ್ನೆ: ಎರಡು ಬೇರೆ ತಂಡಗಳ ಹೆಸರಿನಲ್ಲಿ ಫೈಲ್‌ಗಳು ಸಿಕ್ಕಿವೆ, ಕೇಳಲು ಒಂದೇ ಅನಿಸುತ್ತದೆ. ಒಂದು ತುಸು ಜೋರಾಗಿ ಓಡುತ್ತದೆ. ಎರಡೂ ಒಂದೆಯೊ, ಬೇರೆಯೊ? (ಓದುಗರು, ಸೇಡಂ)

ಒಂದೇ ಮುದ್ರಣವನ್ನು ಬೇರೆ ಬೇರೆ ಹೆಸರು ಅಂಟಿಸಿ ಮಾರುವುದು ಅಗ್ಗದ ಕಂಪನಿಗಳ ಹಳೆಯ ಚಾಳಿ. ಕಿವಿಯೊಂದನ್ನೇ ನಂಬಬೇಡಿ, ಹೀಗೆ ಅಳೆಯಿರಿ.

ಆಡಾಸಿಟಿ ತಂತ್ರಾಂಶದಲ್ಲಿ ಎರಡನ್ನೂ ಒಂದರ ಕೆಳಗೊಂದು ತೆರೆಯಿರಿ. ಮೊದಲ ಡ್ರಮ್ ಪೆಟ್ಟು ಕಾಣುವಷ್ಟು ಹಿಗ್ಗಿಸಿ, ಕೆಳಗಿನದನ್ನು ಎಳೆದು ಎರಡೂ ಪೆಟ್ಟು ಒಂದೇ ಗೆರೆಗೆ ತನ್ನಿ. ಈಗ 1 ನಿಮಿಷ, 2 ನಿಮಿಷ, 3 ನಿಮಿಷದ ಆಸುಪಾಸಿನಲ್ಲಿ ಗುರುತಾಗುವ ಒಂದೊಂದು ಪೆಟ್ಟನ್ನು ಹುಡುಕಿ, ಎರಡರ ನಡುವಿನ ಅಂತರ ಬರೆದುಕೊಳ್ಳಿ. ಅಂತರ 0.5, 1.0, 1.5 ಸೆಕೆಂಡ್ ಎಂದು ಒಂದೇ ಲೆಕ್ಕದಲ್ಲಿ ಬೆಳೆಯುತ್ತ ಹೋದರೆ ಅದು ಒಂದೇ ಮುದ್ರಣ. ಪ್ಲೇಟು ತಿರುಗಿಸಿದ ಯಂತ್ರದ ವೇಗ ಮಾತ್ರ ಬೇರೆ. ಅಂತರ ಒಮ್ಮೆ ಮುಂದೆ, ಒಮ್ಮೆ ಹಿಂದೆ ಜೀಕಿದರೆ ಎರಡು ಬೇರೆ ನುಡಿಸಾಣಿಕೆ. ಆ ಕಾಲದ ಹೆಚ್ಚಿನ ಡ್ರಮ್ಮರ್‌ಗಳು ಕಿವಿಯಲ್ಲಿ ಕ್ಲಿಕ್ (ಯಂತ್ರದ ಟಿಕ್ ಟಿಕ್ ತಾಳ) ಇಟ್ಟುಕೊಂಡು ನುಡಿಸುತ್ತಿದ್ದವರಲ್ಲ. ಅದೇ ಮನುಷ್ಯ ಎರಡನೇ ಸಲ ನುಡಿಸಿದರೂ ಲಯ ಕೂದಲೆಳೆಯಷ್ಟು ಆಚೀಚೆ ಆಗಿಯೇ ಆಗುತ್ತದೆ.

ಹಾಡು ಮೆಲ್ಲಗೆ ಕರಗುವ ಕೊನೆಯನ್ನು ಸಾಕ್ಷಿಗೆ ಹಿಡಿಯಬೇಡಿ. ಕೊನೆ ಎಲ್ಲಿ ಕತ್ತರಿಸಬೇಕೆಂಬುದು ಪ್ರತಿ ಕಂಪನಿಯ ಇಷ್ಟ.

ಪ್ರಶ್ನೆ: ಅಮೆರಿಕದಿಂದ ಮಾವ ಅವರ ಹಳೆಯ ರೆಕಾರ್ಡ್ ಪ್ಲೇಯರ್ ಕೊಟ್ಟರು. 110 ವೋಲ್ಟಿಗೆ ಟ್ರಾನ್ಸ್‌ಫಾರ್ಮರ್ ಹಾಕಿದ್ದೇನೆ. ಆದರೂ ಮಕೋಸಾ ಎಮ್ಮೆ ನಡೆದಂತೆ ನಡೆಯುತ್ತದೆ. ಬೆಲ್ಟ್ ಹೋಗಿದೆಯೆ? (ಓದುಗರು, ಕಲಬುರಗಿ)

ಬೆಲ್ಟ್ ಬದಲಿಸುವ ಮುಂಚೆ ಮೋಟಾರಿನ ತಗಡು ಓದಿ. ಅಲ್ಲಿ 60 ಹರ್ಟ್ಜ್ (ಕರೆಂಟು ಸೆಕೆಂಡಿಗೆ ಎಷ್ಟು ಸಲ ಆವರ್ತಿಸುತ್ತದೆ ಎಂಬ ಲೆಕ್ಕ) ಎಂದಷ್ಟೇ ಇದ್ದರೆ ಉತ್ತರ ಅದೇ. ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಇಳಿಸುತ್ತದೆ, ಹರ್ಟ್ಜ್ ಮುಟ್ಟುವುದಿಲ್ಲ. ನಮ್ಮ ಕರೆಂಟು 50 ಹರ್ಟ್ಜ್. ಹರ್ಟ್ಜ್‌ಗೆ ತಕ್ಕಂತೆ ತಿರುಗುವ ಹಳೆಯ ಸಿಂಕ್ರೊನಸ್ ಮೋಟಾರ್ ಆರರಲ್ಲಿ ಐದು ಪಾಲು ವೇಗಕ್ಕೆ ಇಳಿಯುತ್ತದೆ: 45 ಸುತ್ತಿನ ಬದಲು 37.5. 4 ನಿಮಿಷ 20 ಸೆಕೆಂಡಿನ ಹಾಡು 5 ನಿಮಿಷ 12 ಸೆಕೆಂಡ್ ತೆಗೆದುಕೊಂಡು, ಶ್ರುತಿ ಮೂರು ಮನೆ ಕೆಳಗೆ ಬೀಳುತ್ತದೆ. ಖಚಿತಕ್ಕೆ ಪ್ಲೇಟಿನ ಅಂಚಿಗೆ ಕಾಗದದ ಚೂರು ಅಂಟಿಸಿ ಒಂದು ನಿಮಿಷ ಸುತ್ತು ಎಣಿಸಿ.

ಆ ಮಾದರಿಗೆ 50 ಹರ್ಟ್ಜ್ ಪುಲಿ (ಮೋಟಾರಿನ ತುದಿಯ ಸಣ್ಣ ಗಾಲಿ) ಸಿಕ್ಕರೆ ಅದನ್ನೇ ಹಾಕಿಸಿ, ಅದೇ ಸರಿಯಾದ ದಾರಿ. ಪುಲಿಗೆ ಟೇಪ್ ಸುತ್ತಿ ದಪ್ಪ ಮಾಡುವ ಉಪಾಯ ಕೆಲವರು ಹೇಳುತ್ತಾರೆ; ಸುತ್ತು ಸಮ ಬರುವುದಿಲ್ಲ, ಸ್ಯಾಕ್ಸೋಫೋನ್ ನಡುಗುತ್ತದೆ. ಫೈಲ್ ಮಾಡುವುದಷ್ಟೇ ಉದ್ದೇಶವಾದರೆ ನಿಧಾನವಾಗಿಯೇ ಮುದ್ರಿಸಿ, ಕಂಪ್ಯೂಟರಿನಲ್ಲಿ ವೇಗವನ್ನು 1.2 ಪಟ್ಟು ಮಾಡಿ. ‘ಟೆಂಪೊ’ ಬದಲಿಸುವ ಆಯ್ಕೆ ಅಲ್ಲ, ‘ಸ್ಪೀಡ್’ ಬದಲಿಸುವ ಆಯ್ಕೆ. ಮೊದಲನೆಯದು ಶ್ರುತಿಯನ್ನು ಕೆಳಗೇ ಬಿಡುತ್ತದೆ.

ಲ್ಯಾಪ್‌ಟಾಪಿನ ಮೈಕ್ ತೂತಿಗೆ ನೇರ ಜೋಡಿಸಿದ್ದೀರೆಂದು ಪತ್ರದಿಂದ ಕಾಣುತ್ತದೆ. ಹಾಗೆ ಮಾಡಿದರೆ ಬಾಸ್ ಸತ್ತು ಬರೀ ಚಿರಿಚಿರಿ ಉಳಿಯುತ್ತದೆ. ಪ್ಲೇಟು ಕೊರೆಯುವಾಗ ತಗ್ಗು ದನಿಯನ್ನು ಇಳಿಸಿ, ಎತ್ತರದ ದನಿಯನ್ನು ಏರಿಸಿರುತ್ತಾರೆ. ಅದನ್ನು ತಿರುಗಿ ಸರಿ ಮಾಡುವುದು ಫೋನೊ ಪ್ರೀ-ಆಂಪ್ ಎಂಬ ಸಾಧನ. ಅದಿಲ್ಲದೆ ಮಕೋಸಾದ ಜೀವವೇ ಆದ ಬಾಸ್ ಗಿಟಾರ್ ಕೇಳದು. ‘ಗುಂಯ್’ ಸದ್ದು ಬಂದರೆ ಚಾರ್ಜರ್ ಕಿತ್ತು ಬ್ಯಾಟರಿ ಮೇಲೆ ನಡೆಸಿ ನೋಡಿ. ನಮ್ಮ ಹಳೆ ಮನೆಗಳ ಅರ್ಥಿಂಗ್ ಗೊತ್ತಿದ್ದದ್ದೇ. ಮುದ್ರಣದ ಮಟ್ಟ ಅತಿ ಜೋರಿನಲ್ಲೂ ಮೈನಸ್ 6 ಡೆಸಿಬೆಲ್ ದಾಟದಿರಲಿ.

ಪ್ರಶ್ನೆ: ಪ್ಲೇಟು ತೊಳೆದೆ. ಒಣಗಿದ ಮೇಲೆ ಬಿಳಿ ಕಲೆ, ಮೊದಲಿಗಿಂತ ಹೆಚ್ಚು ಚಟಪಟ. (ಓದುಗರು, ಶಹಾಬಾದ್)

ಬೋರ್ ನೀರಿನಲ್ಲಿ ತೊಳೆದಿದ್ದೀರಿ. ಸುಣ್ಣದ ಕಲ್ಲಿನ ಸೀಮೆಯಲ್ಲಿ ಇದ್ದು ಬೋರ್ ನೀರು ನಂಬಬಾರದು. ನಿಮ್ಮ ಚಹಾದ ಪಾತ್ರೆಯ ತಳಕ್ಕೆ ಕಟ್ಟುವ ಕಿಟ್ಟವೇ ಈಗ ಪ್ಲೇಟಿನ ಗೆರೆಯೊಳಗೆ ಕಟ್ಟಿದೆ. ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಬ್ಯಾಟರಿ ಅಂಗಡಿಯಲ್ಲಿ 5 ಲೀಟರ್ ಕ್ಯಾನಿನಲ್ಲಿ ಸಿಗುತ್ತದೆ. ಅದರ ಅರ್ಧ ಲೀಟರಿಗೆ ಪಾತ್ರೆ ತೊಳೆಯುವ ದ್ರವ ಎರಡೇ ಹನಿ. ಮೆತ್ತನೆ ಮೈಕ್ರೊಫೈಬರ್ ಬಟ್ಟೆಯಿಂದ ಗೆರೆ ಹೋದ ದಿಕ್ಕಿಗೇ ಒರೆಸಿ, ಆಮೇಲೆ ಸೋಪಿಲ್ಲದ ಡಿಸ್ಟಿಲ್ಡ್ ನೀರಿನಿಂದ ಇನ್ನೊಮ್ಮೆ. ನೆರಳಲ್ಲಿ ನಿಲ್ಲಿಸಿ ಒಣಗಿಸಿ. ಲೇಬಲ್ ನೆನೆಯಬಾರದು.

ಜಿಡ್ಡು ಜಾಸ್ತಿಯಿದ್ದರೆ ವಿನೈಲ್ ಪ್ಲೇಟಿಗೆ ಐದರಲ್ಲಿ ಒಂದು ಪಾಲು ಐಸೊಪ್ರೊಪೈಲ್ ಆಲ್ಕೊಹಾಲ್ ಬೆರೆಸಬಹುದು. ಅಜ್ಜನ ಕಾಲದ 78ಕ್ಕೆ (ನಿಮಿಷಕ್ಕೆ 78 ಸುತ್ತಿನ ಪ್ಲೇಟಿಗೆ) ಮಾತ್ರ ಬೇಡವೇ ಬೇಡ. ಅದು ಅರಗಿನಿಂದ ಮಾಡಿದ್ದು, ಆಲ್ಕೊಹಾಲ್ ಅದನ್ನು ಕರಗಿಸುತ್ತದೆ. 1970ರ ದಶಕದ ಅನೇಕ ಅಮೆರಿಕನ್ 45ಗಳು ಪಾಲಿಸ್ಟೈರೀನ್‌ನವು. ಅವಕ್ಕೂ ಬರೀ ಸೋಪಿನ ನೀರು ಸಾಕು. ಸವೆದ ಮುಳ್ಳು ಇವನ್ನು ಹತ್ತಾರು ಸಲದಲ್ಲೇ ಹಾಳುಗೆಡವುತ್ತದೆ.

ಪ್ರಶ್ನೆ: ವಿದೇಶದಿಂದ ತರಿಸುವಾಗ ಏನು ಎಚ್ಚರಿಕೆ? (ಓದುಗರು, ಯಾದಗಿರಿ)

ಹಳೆಯ ಪ್ಲೇಟಿನ ಸ್ಥಿತಿ ತಿಳಿಸಲು ಮಾರುವವರು ಹಾಕುವ ದರ್ಜೆಯ ಅಕ್ಷರಗಳು ಮೋಸ ಮಾಡುತ್ತವೆ. ‘ವಿಜಿ’ ಎಂದರೆ ಹೆಸರಿಗೆ ‘ತುಂಬ ಚೆನ್ನ’, ವಾಸ್ತವದಲ್ಲಿ ಉದ್ದಕ್ಕೂ ಗೀರಿನ ಸದ್ದು. ‘ವಿಜಿ ಪ್ಲಸ್’ಗಿಂತ ಕೆಳಗೆ ಇಳಿಯಬೇಡಿ. ಪ್ಲೇಟನ್ನು ಲಕೋಟೆಯಿಂದ ಹೊರಗೆ ತೆಗೆದು, ಪಕ್ಕದಲ್ಲಿಟ್ಟು ಕಟ್ಟಲು ಹೇಳಿ. ಒಳಗೇ ಬಿಟ್ಟರೆ ದಾರಿಯ ಕುಲುಕಾಟಕ್ಕೆ ಪ್ಲೇಟಿನ ಅಂಚು ಲಕೋಟೆಯ ಅಂಟಿಸಿದ ಬದಿಯನ್ನು ಸೀಳುತ್ತದೆ. ಸುಂಕವನ್ನು ಅಂಚೆ ಖರ್ಚನ್ನೂ ಸೇರಿಸಿ ಹಾಕುತ್ತಾರೆ, ಆದ್ದರಿಂದ ಒಂದೊಂದೇ ತರಿಸುವುದಕ್ಕಿಂತ ಒಬ್ಬರಲ್ಲೇ ಐದಾರು ಕೊಳ್ಳುವುದು ಲಾಭ. ಮುಂಬೈಗೆ ಹೋಗುವವರು ಚೋರ್ ಬಜಾರಿನ ಮಟನ್ ಸ್ಟ್ರೀಟ್ ಅಂಗಡಿಗಳನ್ನು ಒಮ್ಮೆ ನೋಡಿ.

ಏಪ್ರಿಲ್, ಮೇ ತಿಂಗಳಲ್ಲಿ ತರಿಸಲೇಬೇಡಿ. 43 ಡಿಗ್ರಿ ಬಿಸಿಲಲ್ಲಿ ನಿಂತ ಮುಚ್ಚಿದ ಗಾಡಿಯೊಳಗೆ ಶಾಖ 60 ದಾಟುತ್ತದೆ, ವಿನೈಲ್ ಅಲ್ಲೇ ಮೆತ್ತಗಾಗಿ ಹಪ್ಪಳವಾಗುತ್ತದೆ. ಮನೆಯಲ್ಲಿ ನೆಟ್ಟಗೆ ನಿಲ್ಲಿಸಿ ಇಡಿ, ಒಂದರ ಮೇಲೊಂದು ಪೇರಿಸಬೇಡಿ. ಗೋಡೆಯೊಳಗಿನ ಪರ್ಸಿ ಕಲ್ಲಿನ ಮಾಡ ಇದ್ದರೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ತಂಪು, ನೂರು ಎಲ್‌ಪಿಯ ಇಪ್ಪತ್ತಕ್ಕೂ ಮಿಕ್ಕಿದ ಕಿಲೋ ಭಾರಕ್ಕೆ ಬಾಗುವುದೂ ಇಲ್ಲ. ಪಡುವಣದ ಬಿಸಿಲು ಬೀಳುವ ಗೋಡೆ ಮಾತ್ರ ಬೇಡ.

ಪ್ರಶ್ನೆ: ನಮ್ಮದು ಮದುವೆ ಬ್ಯಾಂಡ್. ಈ ಹಾಡನ್ನು ನಾವೇ ನುಡಿಸಿ ಬಿಡುಗಡೆ ಮಾಡಬಹುದೇನ್ರಿ? (ಬ್ಯಾಂಡಿನವರು, ಸುರಪುರ)

ನುಡಿಸಲು ಮೊದಲ ತೊಡಕು ಶ್ರುತಿಯದು. ಕೀಬೋರ್ಡಿನವರು ‘ಸಿ’ ಎಂದಾಗ ಟ್ರಂಪೆಟ್ಟಿಗೆ ‘ಡಿ’ ಎಂದೂ ಆಲ್ಟೊ ಸ್ಯಾಕ್ಸೋಫೋನಿಗೆ ‘ಎ’ ಎಂದೂ ಬರೆದು ಕೊಡಬೇಕು. ಬಾಸ್ ಗೆರೆಯನ್ನು ಟ್ಯೂಬಾ ಅಥವಾ ಯೂಫೋನಿಯಂಗೆ ಕೊಡಿ. ಗಿಟಾರಿನ ಕಚಕಚ ಪೆಟ್ಟನ್ನು ಸೈಡ್ ಡ್ರಮ್ಮಿನ ಅಂಚಿನಲ್ಲಿ ತರಬಹುದು. ತಾಷೆ ತರಬೇಡಿ, ಅದು ಎಲ್ಲವನ್ನೂ ನುಂಗುತ್ತದೆ. ವೇಗ ಏರಿಸುವ ಮದುವೆ ಮೆರವಣಿಗೆಯ ಚಟವನ್ನೂ ತಡೆಯಿರಿ, ಈ ಹಾಡು ಒಂದೇ ನಡೆಯಲ್ಲಿ ನಿಲ್ಲಬೇಕು.

ಬಿಡುಗಡೆಗೆ ಹಕ್ಕುದಾರರ ಒಪ್ಪಿಗೆ ಬೇಕು. ಒಪ್ಪಿಗೆ ಸಿಗದಿದ್ದರೆ ಕೃತಿಸ್ವಾಮ್ಯ ಕಾಯ್ದೆಯ 31ಸಿ ಕಲಮಿನಲ್ಲಿ ಕವರ್‌ಗೆಂದೇ ಒಂದು ದಾರಿ ಇದೆ. ಮೊದಲ ಮುದ್ರಣವಾಗಿ ಐದು ವರ್ಷ ಕಳೆದಿರಬೇಕು, ಅದು ಇಲ್ಲಿ ಎಂದೋ ಕಳೆದಿದೆ. ಆದರೆ ವರ್ಷಕ್ಕೆ ಕನಿಷ್ಠ 50,000 ಪ್ರತಿಗಳ ರಾಯಧನ ಮುಂಗಡ ಕಟ್ಟಬೇಕು. ಸಣ್ಣ ಬ್ಯಾಂಡಿಗೆ ಅದು ಹೊರೆ, ಆದ್ದರಿಂದ ಮೊದಲು ನೇರ ಒಪ್ಪಿಗೆ ಕೇಳಿ ನೋಡಿ. ಲಕೋಟೆಯ ಮೇಲೆ ‘ಕವರ್’ ಎಂದು ಕಾಣುವಂತೆ ಅಚ್ಚುಹಾಕಿ, ಮೂಲ ಕಲಾವಿದರ ಚಿತ್ರ ಬಳಸಬೇಡಿ.

ಪ್ರಶ್ನೆ: ಅಮೆರಿಕದ 45 ತರಿಸಿದೆ, ನಡುವಿನ ತೂತು ರೂಪಾಯಿ ನಾಣ್ಯಕ್ಕಿಂತ ದೊಡ್ಡದು. ಒಡೆದದ್ದೆ? (ಓದುಗರು, ಹುಮನಾಬಾದ್)

ಒಡೆದಿಲ್ಲ. ಪ್ಲೇಟನ್ನು ತಾನಾಗಿಯೇ ಬದಲಿಸುವ ಪ್ಲೇಯರ್‌ಗಳಿಗೆಂದು ಅವರು ತೂತನ್ನು 38 ಮಿಲಿಮೀಟರ್ ಮಾಡಿದರು. ನಡುವೆ ಇಡುವ ಪ್ಲಾಸ್ಟಿಕ್ ಬಿಲ್ಲೆ ಅಡಾಪ್ಟರ್ ಹೆಸರಿನಲ್ಲಿ ಮಾರಾಟಕ್ಕಿದೆ. ಅದು ಬರುವ ತನಕ ರಟ್ಟಿನ ಬಿಲ್ಲೆ ಕತ್ತರಿಸಿ ನುಡಿಸಲು ಹೋಗಬೇಡಿ, ಅರ್ಧ ಮಿಲಿಮೀಟರ್ ಅಡ್ಡಾದಿಡ್ಡಿಯಾದರೂ ಸ್ಯಾಕ್ಸೋಫೋನ್ ತೂಗಾಡುತ್ತದೆ.